ಜೂನ್ 21ರ ಸಂಗೀತ ದಿನ ಪ್ಯಾರಿಸ್ಸಿನಿಂದ ಬಂದ ಬಗೆ

ಜೂನ್ 21 ಬಂತೆಂದರೆ ಬೆಳಿಗ್ಗೆ ಯೋಗ ದಿನದ ಫೋಟೊಗಳು, ಸಂಜೆ ವಿಶ್ವ ಸಂಗೀತ ದಿನದ ಶುಭಾಶಯಗಳು ಮೊಬೈಲಿಗೆ ಬಂದು ಬೀಳುತ್ತವೆ. ಯೋಗ ದಿನವನ್ನು 2014ರಲ್ಲಿ ಘೋಷಿಸಿದ್ದು ವಿಶ್ವಸಂಸ್ಥೆ. ಸಂಗೀತ ದಿನವೂ ಅಲ್ಲಿಂದಲೇ ಬಂದಿರಬೇಕು ಎಂದುಕೊಂಡವರು ಬಹಳ ಮಂದಿ. ಆದರೆ ಅದು ಫ್ರಾನ್ಸಿನ ಹಬ್ಬ. ಅಲ್ಲಿ ಅದಕ್ಕೆ ‘ಫೆತ್ ದ ಲಾ ಮ್ಯೂಸಿಕ್’ ಎನ್ನುತ್ತಾರೆ. ಬರೆದರೆ ಸಂಗೀತದ ಹಬ್ಬ. ಕಿವಿಗೆ ಬಿದ್ದಾಗ ‘ಸಂಗೀತ ನುಡಿಸಿ’ ಎಂದೂ ಕೇಳಿಸುತ್ತದೆ.

1981ರಲ್ಲಿ ಮಿತ್ತರಾಂ ಅಧ್ಯಕ್ಷರಾದಾಗ ಸಂಸ್ಕೃತಿ ಸಚಿವರಾದವರು ಜಾಕ್ ಲಾಂಗ್. ಸಂಗೀತ ವಿಭಾಗಕ್ಕೆ ಅವರು ಕರೆತಂದದ್ದು ವಿಮರ್ಶಕ ಮೊರಿಸ್ ಫ್ಲರೆ ಅವರನ್ನು. ಒಂದು ಸಮೀಕ್ಷೆ ಇವರ ಕಣ್ಣಿಗೆ ಬಿತ್ತು: ಫ್ರಾನ್ಸಿನಲ್ಲಿ 50 ಲಕ್ಷ ಜನ ಒಂದಲ್ಲ ಒಂದು ವಾದ್ಯ ನುಡಿಸುತ್ತಾರೆ, ಯುವಜನರಲ್ಲಿ ಇಬ್ಬರಿಗೊಬ್ಬರು. ಇವರೆಲ್ಲ ಎಲ್ಲಿ ನುಡಿಸುತ್ತಿದ್ದಾರೆ? ಸಭಾಂಗಣಗಳಲ್ಲಂತೂ ಅಲ್ಲ. ಹಾಗಾದರೆ ಬೀದಿಗೆ ಕರೆಯೋಣ ಎಂದು 1982ರ ಜೂನ್ 21ರ ರಾತ್ರಿ ಎಂಟೂವರೆಯಿಂದ ಒಂಬತ್ತರವರೆಗೆ, ಬರೀ ಅರ್ಧ ಗಂಟೆ ಗೊತ್ತುಮಾಡಿದರು. ವರ್ಷದ ಅತಿ ದೀರ್ಘ ಹಗಲು ಅದು. ಪ್ಯಾರಿಸ್ಸಿನಲ್ಲಿ ಆ ಹೊತ್ತಿಗೂ ಬೆಳಕಿರುತ್ತದೆ. ಜನ ಬಂದರು. ಕರೆದ ಮೊದಲ ವರ್ಷವೇ ಅದು ಊರೂರಿನ ಹಬ್ಬವಾಯಿತು.

ಇದರ ಹೊಸತನ ತಿಳಿಯಬೇಕಾದರೆ ಹಳೆಯ ದಾರಿ ನೋಡಬೇಕು. ತಮ್ಮ ಸಂಸ್ಕೃತಿಯನ್ನು ಹೊರದೇಶಕ್ಕೆ ಒಯ್ಯುವ ಯೂರೋಪಿನ ಸಂಸ್ಥೆಗಳು ಹುಟ್ಟಿದ್ದು ಬಹುಪಾಲು ನೋವಿನಿಂದ, ಇಲ್ಲವೇ ಆತಂಕದಿಂದ. ಪ್ರಷ್ಯ ಎಂಬ ಜರ್ಮನ್ ರಾಜ್ಯದೆದುರು ಯುದ್ಧದಲ್ಲಿ ಸೋತ ಗಾಯ ಇನ್ನೂ ಹಸಿಯಾಗಿದ್ದ ಫ್ರಾನ್ಸಿನಲ್ಲಿ 1883ರಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಹುಟ್ಟಿತು. ಜರ್ಮನಿ, ಇಟಲಿಗಳ ಪ್ರಚಾರ ಜೋರಾಗುತ್ತಿದ್ದ 1934ರಲ್ಲಿ ಬ್ರಿಟಿಷ್ ಕೌನ್ಸಿಲ್. ನಾಜಿಗಳು ಕೆಡಿಸಿದ ಹೆಸರನ್ನು ಜರ್ಮನಿ ಮತ್ತೆ ಗಳಿಸಬೇಕಿದ್ದ 1951ರಲ್ಲಿ ಗಯಟೆ ಸಂಸ್ಥೆ. ಈ ಕೊನೆಯದು ಋಗ್ವೇದ ಸಂಪಾದಿಸಿದ ವಿದ್ವಾಂಸನ ಹೆಸರು ಹೊತ್ತು ಭಾರತದಲ್ಲಿ ‘ಮ್ಯಾಕ್ಸ್ ಮುಲ್ಲರ್ ಭವನ’ವಾಯಿತು. ಆ ವಿದ್ವಾಂಸ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಈ ಸಂಸ್ಥೆಗಳು ನಮಗೆ ಒಳ್ಳೊಳ್ಳೆಯ ಸಿನಿಮಾ, ನಾಟಕ, ಪುಸ್ತಕ ಕೊಟ್ಟಿವೆ, ಆ ಋಣ ದೊಡ್ಡದು. ಆದರೂ ಶುರುವಿನ ಲೆಕ್ಕಾಚಾರದಲ್ಲಿ ವೇದಿಕೆ ಅವರದು, ಕೆಳಗಿನ ಕುರ್ಚಿ ನಮ್ಮದು.

ಸಂಗೀತದ ಹಬ್ಬದಲ್ಲಿ ಅದು ತಿರುವುಮುರುವಾಯಿತು. ಯೂರೋಪಿನ ಸಂಗೀತ ವರ್ಷವಾಗಿದ್ದ 1985ರಲ್ಲಿ ಗಡಿ ದಾಟಿದ ಹಬ್ಬ ಈಗ ನೂರಿಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ. ಎಲ್ಲೂ ಫ್ರೆಂಚ್ ಹಾಡು ಕಡ್ಡಾಯವಲ್ಲ. ಹೊರಗೆ ಹೋದದ್ದು ಒಂದು ಕ್ರಮ: ಕೇಳಲು ಕಾಸಿಲ್ಲ, ಕಲಿತವರೂ ಕಲಿಯುತ್ತಿರುವವರೂ ಸಮಾನರು, ಯಾವ ಸಂಗೀತವೂ ಮೇಲು ಕೀಳಲ್ಲ, ಆದಷ್ಟು ಬಯಲಲ್ಲೇ ನುಡಿಸಬೇಕು. ಇಷ್ಟು ಸಡಿಲವಾಗಿದ್ದುದರಿಂದಲೇ ಅದು ಇಷ್ಟು ದೂರ ಹೋಯಿತು ಎಂದು ನಾನು ನಂಬುತ್ತೇನೆ.

ಬೆಂಗಳೂರಿಗೆ ಬರುವಾಗ ಮಾತ್ರ ಆ ಕ್ರಮದಲ್ಲಿ ಕೆಲವು ದಾರಿಯಲ್ಲೇ ಉದುರಿವೆ. ಇಲ್ಲಿ ಜೂನ್ 21 ಎಂದರೆ ಮುಂಗಾರು. ಏಳು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಮಳೆಗೆ ಹೆದರಿ ಸಂಗೀತ ಒಳಗೆ ಹೋಯಿತು. ಮಾಲ್‌, ಪಬ್‌ಗಳಲ್ಲಿ ಟಿಕೆಟ್ಟೂ ಬಂತು. ದುಡ್ಡು ಕೊಟ್ಟವರಷ್ಟೇ ಕೇಳುವ ಸಂಗೀತ ದಿನ ನನಗೆ ಬೇಸರ ತರಿಸುತ್ತದೆ, ಏಕೆಂದರೆ ಫ್ಲರೆ ಬಯಸಿದ ಹಬ್ಬ ನಮಗೆ ಹೊಸದೇನಲ್ಲ. ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾ ಶುರುವಾಗುವ ಮೊದಲು, ಬೀದಿಯ ಗ್ಯಾರೇಜಿನ ಹುಡುಗ ಕೈ ಒರೆಸಿಕೊಂಡು ಮೈಕ್ ಹಿಡಿಯುತ್ತಾನೆ. ರಾಜ್‌ಕುಮಾರ್ ಹಾಡೊಂದನ್ನು ಶ್ರುತಿ ಸ್ವಲ್ಪ ತಪ್ಪಿಸಿಯೇ ಹಾಡುತ್ತಾನೆ. ಚಂದಾ ಕೊಟ್ಟವರೂ ಕೊಡದವರೂ ಚಪ್ಪಾಳೆ ಹೊಡೆಯುತ್ತಾರೆ.