ನಾಲ್ಕು ಮನೆ ಅಂದರೆ ನಾಲ್ಕು ಮಕ್ಕಳಲ್ಲ

ನಮ್ಮ ವಾರ್ಡಿನಲ್ಲಿ ಬುಧವಾರ ರಕ್ತ ಹಾಕುವ ದಿನ. ಬೆಳಿಗ್ಗೆ ಎಂಟಕ್ಕೇ ಮಕ್ಕಳು ಬಂದು ಹಾಸಿಗೆ ಹಿಡಿಯುತ್ತಾರೆ. ಕಿಟಕಿ ಪಕ್ಕದ್ದಕ್ಕೆ ಜಗಳ. ಸೂಜಿಯ ಭಯ ಅವರಿಗೆ ಎಂದೋ ಹೋಗಿದೆ. ಯಾವ ಕೈಯಲ್ಲಿ ನರ ಚೆನ್ನಾಗಿ ಸಿಗುತ್ತದೆ ಅಂತ ಹೊಸ ಸಿಸ್ಟರ್‌ಗೆ ಅವರೇ ತೋರಿಸಿಕೊಡುತ್ತಾರೆ. ಥಲಸ್ಸೇಮಿಯಾ ಮೇಜರ್ ಅನ್ನುವ, ಅಪ್ಪ-ಅಮ್ಮನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳು ಇವರು. ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಆ ರಕ್ತದ ಜೊತೆ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣವನ್ನು ಹೊರಹಾಕಲು ದಿನಾ ಮಾತ್ರೆ ಬೇಕು.

ಹೋದ ಮಳೆಗಾಲದ ಒಂದು ಬುಧವಾರ, ಅಂಥ ಒಬ್ಬ ಹುಡುಗನ ತಾಯಿ ಬಾಗಿಲ ಹತ್ತಿರವೇ ನಿಂತಿದ್ದಳು. ಸೆರಗು ಎಷ್ಟು ಎಳೆದುಕೊಂಡರೂ ಗೊತ್ತಾಗುತ್ತಿತ್ತು, ಆರು ತಿಂಗಳು ದಾಟಿದೆ ಅಂತ. "ಯಾಕಮ್ಮಾ, ನಿಂತ ಕೂಡಲೇ ಬರಬೇಕು ಅಂತ ಹೇಳಿದ್ದೆನಲ್ಲ?" ಅಂದೆ. ಅವಳು ತಲೆ ತಗ್ಗಿಸಿದಳು. ಉತ್ತರ ಕೊಟ್ಟಿದ್ದು ಅವಳ ಅತ್ತೆ.

"ನೀವೇ ಹೇಳಿದ್ರಲ್ಲ ಡಾಕ್ಟ್ರಮ್ಮ, ನಾಲ್ಕರಲ್ಲಿ ಒಂದಕ್ಕೆ ಬರುತ್ತೆ ಅಂತ. ಒಂದಕ್ಕೆ ಬಂದಾಯ್ತು. ಇನ್ನು ಮೂರು ಗಟ್ಟಿ."

ಹೌದು, ನಾನೇ ಹೇಳಿದ್ದೆ. ಹೊಟ್ಟೆ ಉರಿಯುವುದು ಅದಕ್ಕೇ.

ಜೀನ್ ಅಂದರೇನು, ಕ್ರೋಮೋಸೋಮ್ ಎಷ್ಟು ಅನ್ನುವುದನ್ನೆಲ್ಲ ನಾನಿಲ್ಲಿ ಹೇಳುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಇಷ್ಟು ಸಾಕು: ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಬೀಟಾ ಗ್ಲೋಬಿನ್ ಜೀನ್ 11ನೇ ಕ್ರೋಮೋಸೋಮ್‌ನಲ್ಲಿದೆ. ಎಲ್ಲರಿಗೂ ಅದರ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟು ಇನ್ನೊಂದು ಸರಿ ಇದ್ದವರು ಕ್ಯಾರಿಯರ್. ಅವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಹೊಲ ಉಳುತ್ತಾರೆ, ಕಬಡ್ಡಿ ಆಡುತ್ತಾರೆ. ಎರಡೂ ಕೆಟ್ಟಿದ್ದರೆ ಆ ಮಗು ನಮ್ಮ ಬುಧವಾರದ ವಾರ್ಡಿಗೆ ಬರುತ್ತದೆ.

ಅಜ್ಜಿ ಓದಿದವರಲ್ಲ, ಅದಕ್ಕೆ ಹಾಗೆ ತಿಳಿದುಕೊಂಡರು ಅಂತ ಅನ್ನಿಸಬಹುದು. ಹಾಗಾದರೆ ಇದನ್ನೂ ಕೇಳಿ. ಒಂದು ಸಲ ಪಿಯು ಕಾಲೇಜಿನ ಬಯಾಲಜಿ ಲೆಕ್ಚರರ್ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಇಬ್ಬರೂ ಕ್ಯಾರಿಯರ್, ಮೊದಲ ಮಗನಿಗೆ ಮೇಜರ್. ನಾನು ಬಾಯಿ ತೆರೆಯುವ ಮೊದಲೇ ನನ್ನ ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಹಿಂಬದಿಗೆ ಪನೆಟ್ ಚೌಕ ಬರೆದರು, ಅಪ್ಪ-ಅಮ್ಮನ ಜೀನ್‌ಗಳು ಮಗುವಿನಲ್ಲಿ ಹೇಗೆಲ್ಲ ಕೂಡಬಹುದು ಅಂತ ತೋರಿಸುವ ಚೌಕ. ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಮೇಲೆ ಅಪ್ಪ, ಪಕ್ಕದಲ್ಲಿ ಅಮ್ಮ, ಒಳಗೆ ನಾಲ್ಕು ಮನೆ. ಒಂದರಲ್ಲಿ ಕಾಯಿಲೆ, ಎರಡರಲ್ಲಿ ಕ್ಯಾರಿಯರ್, ಒಂದರಲ್ಲಿ ಏನೂ ಇಲ್ಲ. ಎಲ್ಲವೂ ಸರಿ. ಆಮೇಲೆ ಪೆನ್ನಿನ ತುದಿಯನ್ನು ಕಾಯಿಲೆಯ ಮನೆ ಮೇಲಿಟ್ಟು, "ಇದು ಮೊದಲನೆಯವನದು ಮೇಡಂ, ಇದು ಆಯ್ತು. ಇನ್ನು ಉಳಿದಿರೋದು ಈ ಮೂರು ಅಲ್ವಾ?" ಅಂದರು.

ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಥರ. ಮೊದಲ ಮಗು ಬಂದು ಕೆಟ್ಟ ಸೀಟಿನ ಮೇಲೆ ಟವೆಲ್ ಹಾಕಿಬಿಟ್ಟಿದೆ, ಮುಂದಿನವರಿಗೆ ಒಳ್ಳೆಯ ಸೀಟುಗಳೇ ಉಳಿದಿವೆ ಅಂತ ಅವರ ನಂಬಿಕೆ.

ಅವತ್ತೇ ನನಗೆ ಹೊಳೆದದ್ದು, ತಪ್ಪು ಆ ಚೌಕದಲ್ಲೇ ಇದೆ ಅಂತ. ನಾಲ್ಕು ಮನೆ ಬರೆದರೆ ಯಾರಿಗಾದರೂ ನಾಲ್ಕು ಮಕ್ಕಳ ಹಾಗೆಯೇ ಕಾಣುತ್ತದೆ. ಆ ಚೌಕ ಒಂದೇ ಒಂದು ಮಗುವಿನದು. ಒಂದು ಬಸಿರಿನಲ್ಲಿ ಆಗಬಹುದಾದ ನಾಲ್ಕು ಬಗೆಗಳನ್ನು ಅದು ತೋರಿಸುತ್ತದೆ, ಅಷ್ಟೇ. ಎರಡನೇ ಮಗುವಿಗೆ ಹೊಸ ಚೌಕ, ನಾಲ್ಕೂ ಮನೆ ಮತ್ತೆ ಖಾಲಿ. ಮೂರನೆಯದಕ್ಕೂ ಹಾಗೆಯೇ. ಅಣ್ಣನಿಗೆ ಏನಾಯಿತು ಅನ್ನುವ ಸುದ್ದಿ ಅಪ್ಪನ ವೀರ್ಯಾಣುವಿಗೂ ಗೊತ್ತಿಲ್ಲ, ಅಮ್ಮನ ಅಂಡಾಣುವಿಗೂ ಗೊತ್ತಿಲ್ಲ.

ನಮ್ಮ ಪರೀಕ್ಷೆಯ ಪ್ರಶ್ನೆಗಳ ಮೇಲೂ ನನಗೆ ಸಿಟ್ಟಿದೆ. 'ಇಬ್ಬರು ವಾಹಕರಿಗೆ ನಾಲ್ಕು ಮಕ್ಕಳಾದರೆ ಎಷ್ಟು ಮಕ್ಕಳಿಗೆ ರೋಗ ಬರುತ್ತದೆ?' ಅಂತ ಕೇಳುತ್ತಾರೆ. 'ಒಂದು' ಅಂತ ಬರೆದರೆ ಪೂರ್ತಿ ಅಂಕ. ಆ ಅಂಕ ತೆಗೆದುಕೊಂಡವರೇ ಹತ್ತು ವರ್ಷ ಬಿಟ್ಟು ನನ್ನ ಎದುರು ಬಂದು ಕೂರುತ್ತಾರೆ. ಇಂಥ ದಂಪತಿಗಳ 256 ಮನೆ ತೆಗೆದುಕೊಳ್ಳಿ, ಪ್ರತಿ ಮನೆಯಲ್ಲೂ ನಾಲ್ಕು ಮಕ್ಕಳು ಅನ್ನಿ. ಲೆಕ್ಕದ ಪ್ರಕಾರ 108 ಮನೆಗಳಲ್ಲಿ ಮಾತ್ರ ಒಂದು ಮಗುವಿಗೆ ಕಾಯಿಲೆ. 81 ಮನೆಗಳಲ್ಲಿ ಯಾರಿಗೂ ಇಲ್ಲ. ಉಳಿದ 67 ಮನೆಗಳಲ್ಲಿ ಎರಡು ಅಥವಾ ಇನ್ನೂ ಜಾಸ್ತಿ ಮಕ್ಕಳಿಗೆ. ಒಂದು ಮನೆಯಲ್ಲಂತೂ ನಾಲ್ವರಿಗೂ. ಅಂದರೆ ಪೂರ್ತಿ ಅಂಕದ ಆ ಉತ್ತರ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ತಪ್ಪು. ಆ 81 ಮನೆಯವರು ನಮ್ಮ ಹತ್ತಿರ ಬರುವುದೂ ಇಲ್ಲ. ತಾವು ಕ್ಯಾರಿಯರ್ ಅಂತಲೇ ಗೊತ್ತಿಲ್ಲದೆ ಮೊಮ್ಮಕ್ಕಳನ್ನು ಕಾಣುತ್ತಾರೆ. 'ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ' ಅನ್ನುವ ಮಾತು ಹುಟ್ಟುವುದು ಅಲ್ಲಿಂದ.

ಈ ಲೆಕ್ಕವನ್ನು ಮೊದಲು ಹಿಡಿದ ಮೆಂಡೆಲ್ ಇಂಥ ತಪ್ಪು ಮಾಡಿರಲಿಲ್ಲ. ಬ್ರನೋ ಊರಿನ ಮಠದಲ್ಲಿ ಬಟಾಣಿ ಬೆಳೆದು 1866ರಲ್ಲಿ ಅಚ್ಚು ಹಾಕಿಸಿದ ಬರಹ ಅವನದು. 253 ಗಿಡಗಳಿಂದ ಅವನಿಗೆ ಸಿಕ್ಕಿದ್ದು 5,474 ದುಂಡು ಕಾಳು, 1,850 ಸುಕ್ಕು ಕಾಳು. ಸರಿಸುಮಾರು ಮೂರಕ್ಕೆ ಒಂದು, ಅಂದರೆ ನಾಲ್ಕರಲ್ಲಿ ಒಂದು ಸುಕ್ಕು. ನಮ್ಮ ಕಾಯಿಲೆಯ ಹಾಗೆಯೇ, ಎರಡೂ ಪ್ರತಿ ಸುಕ್ಕಿನವಾದರೆ ಮಾತ್ರ ಕಾಳು ಸುಕ್ಕು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಮೆಂಡೆಲ್ ನಿಲ್ಲಿಸಲಿಲ್ಲ. ಗಿಡ ಗಿಡದ ಲೆಕ್ಕವನ್ನೂ ಕೊಟ್ಟ. ಒಂದು ಗಿಡದಲ್ಲಿ 43 ದುಂಡು, ಬರೀ 2 ಸುಕ್ಕು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. ಒಂದೇ ಬಗೆಯ ತಾಯಿಗಿಡಗಳು ಇವು! ಎರಡನೇ ಗಿಡ ಒಂದು ಸಂಸಾರವಾಗಿದ್ದರೆ ಊರವರು ಏನೆಲ್ಲ ಅನ್ನುತ್ತಿದ್ದರು ಅಂತ ಯೋಚಿಸುತ್ತೇನೆ. ಯಾವ ದೇವರಿಗೆ ಹರಕೆ ಬಾಕಿ ಇತ್ತು, ಯಾವ ಸೊಸೆಯ ಕಾಲ್ಗುಣ, ಅಂತ. ಏಳು ಸಾವಿರ ಕಾಳು ಎಣಿಸಿದಾಗ ಮೂರಕ್ಕೊಂದು ಕಾಣುತ್ತದೆ. ಎರಡು ಮಕ್ಕಳ ಮನೆಯಲ್ಲಿ ಅದನ್ನು ಹುಡುಕಿದರೆ ಎಲ್ಲಿ ಸಿಗಬೇಕು?

ಆ ಲೆಕ್ಚರರ್ ಬಂದು ಹೋದ ಮೇಲೆ ಚೌಕ ಬರೆಯುವುದನ್ನು ಬಿಟ್ಟೆ. ಡ್ರಾಯರ್‌ನಲ್ಲಿ ಎರಡು ನಾಣ್ಯ ಇಟ್ಟುಕೊಂಡಿದ್ದೇನೆ, ಒಂದು ಎರಡು ರೂಪಾಯಿಯದು, ಒಂದು ಐದು ರೂಪಾಯಿಯದು. ದೊಡ್ಡದು ಅಪ್ಪ, ಚಿಕ್ಕದು ಅಮ್ಮ, ಅಥವಾ ಅವರಿಗೆ ಬೇಕಾದ ಹಾಗೆ. ಸಿಂಹ ಮೇಲೆ ಬಿದ್ದರೆ ಕೆಟ್ಟ ಜೀನ್. ಎರಡೂ ಸಿಂಹವಾದರೆ ಕಾಯಿಲೆ. ಎಸೆಯಿರಿ ಅನ್ನುತ್ತೇನೆ. ಎಸೆಯುತ್ತಾರೆ. ಎರಡು ಸಿಂಹ ಬಿದ್ದ ಕೂಡಲೇ ನಿಲ್ಲಿಸಿ ಕೇಳುತ್ತೇನೆ: "ಈಗ ಮತ್ತೆ ಎಸೆದರೆ? ಹೋದ ಸಲ ಸಿಂಹ ಬಿದ್ದಿತ್ತು ಅಂತ ನಾಣ್ಯಕ್ಕೆ ನೆನಪಿರುತ್ತಾ?" ಬಹಳ ಜನ ಇಲ್ಲಿ ನಕ್ಕುಬಿಡುತ್ತಾರೆ. ಕೆಲವರು ನಗುವುದಿಲ್ಲ, ಅಂಥವರಿಗೆ ಅರ್ಥವಾಗಿರುತ್ತದೆ.

ಇದೇ ಮಾತಿನ ಇನ್ನೊಂದು ಮಗ್ಗುಲೂ ಇದೆ. ಮೊದಲೆರಡು ಮಕ್ಕಳು ಚೆನ್ನಾಗಿದ್ದರೆ, 'ಈಗ ನಮ್ಮ ಸರದಿ ಬಂತು' ಅಂತ ಮೂರನೆಯದಕ್ಕೆ ಹೆದರಿ ನಿದ್ದೆ ಬಿಟ್ಟವರನ್ನು ನೋಡಿದ್ದೇನೆ. ಸರದಿ ಅನ್ನುವುದೇ ಇಲ್ಲ. 25 ಪರ್ಸೆಂಟ್ ಅಂದರೆ ಮಗುವಿಗೆ ಕಾಲುಭಾಗ ಕಾಯಿಲೆ, ಮುಕ್ಕಾಲು ಆರೋಗ್ಯ ಅಂತ ತಿಳಿದ ಒಬ್ಬ ತಂದೆಯೂ ಇದ್ದರು. ಅವರಿಗೆ ಬಿಡಿಸಿ ಹೇಳಿದ ಮೇಲೆ ಅವರ ಮುಖ ನೋಡುವುದು ನನಗೇ ಕಷ್ಟವಾಯಿತು.

'ನಾವು ಹೊರಗಿನ ಸಂಬಂಧ ಮಾಡಿದ್ದು, ಸೋದರಮಾವ ಏನಲ್ಲ' ಅನ್ನುವವರಿಗೂ ಒಂದು ಮಾತು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸುಮಾರು ಕಾಲುಭಾಗ ಜೀನ್ ಒಂದೇ ಇರುತ್ತದೆ. ಅದರಿಂದ ಇಬ್ಬರೂ ಒಂದೇ ಕೆಟ್ಟ ಜೀನ್ ಹೊತ್ತಿರುವ ಸಂಭವ ಜಾಸ್ತಿ, ನಿಜ. ಆದರೆ ಇಬ್ಬರೂ ಕ್ಯಾರಿಯರ್ ಅಂತ ಗೊತ್ತಾದ ಮೇಲೆ ಸಂಬಂಧ ಒಳಗಿನದೋ ಹೊರಗಿನದೋ, ನಾಣ್ಯಗಳು ಅವೇ.

ಈಗ ಸ್ವಲ್ಪ ಎಚ್ಚರಿಕೆ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ಹಿಡಿದುಕೊಂಡು ಮನೆಯಲ್ಲೇ ತೀರ್ಮಾನ ಮಾಡುವವರಿದ್ದಾರೆ. ನಾನು ಹೇಳಿದ ಲೆಕ್ಕ ಅಪ್ಪ-ಅಮ್ಮ ಇಬ್ಬರೂ ಬೀಟಾ ಥಲಸ್ಸೇಮಿಯಾ ಕ್ಯಾರಿಯರ್ ಆಗಿದ್ದಾಗಿನದು. ಒಬ್ಬರದು ಬೀಟಾ, ಇನ್ನೊಬ್ಬರದು ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ದೋಷ) ಆದರೆ ಕಾಯಿಲೆಯ ರೂಪವೇ ಬೇರೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾದ ಹಾದಿ ಇನ್ನೊಂದು, ಅಲ್ಲಿ ಗಂಡುಮಕ್ಕಳ ಲೆಕ್ಕ ಬೇರೆ, ಹೆಣ್ಣುಮಕ್ಕಳ ಲೆಕ್ಕ ಬೇರೆ. ಕ್ಯಾರಿಯರ್ ಪರೀಕ್ಷೆ ದೊಡ್ಡದೇನಲ್ಲ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 80ಕ್ಕಿಂತ ಕಡಿಮೆ ಇದ್ದು ಕೆಂಪು ಕಣಗಳ ಎಣಿಕೆ ಮಾತ್ರ ಜಾಸ್ತಿ ಇದ್ದರೆ ನಮಗೆ ಅನುಮಾನ ಬರುತ್ತದೆ. ಆಮೇಲೆ ಹಿಮೋಗ್ಲೋಬಿನ್ ಎ2 ಅನ್ನುವ ಒಂದು ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡುತ್ತೇವೆ. ಅದು 3.5 ಪರ್ಸೆಂಟ್ ದಾಟಿದ್ದರೆ ಸಾಮಾನ್ಯವಾಗಿ ಕ್ಯಾರಿಯರ್. 'ಸಾಮಾನ್ಯವಾಗಿ' ಅಂದೆ, ಯಾಕೆಂದರೆ ಕಬ್ಬಿಣಾಂಶ ತೀರಾ ಕಡಿಮೆ ಇದ್ದಾಗ ಆ ಅಂಕಿ ಇಳಿದು ಮೋಸ ಮಾಡಬಹುದು. ರಕ್ತ ಕಡಿಮೆ ಅಂತ ಸುಮ್ನೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ ಕ್ಯಾರಿಯರ್‌ಗಳೂ ಸಿಗುತ್ತಾರೆ.

ಹೆಂಗಸರು ಪರೀಕ್ಷೆ ಮಾಡಿಸುತ್ತಾರೆ. ಗಂಡಂದಿರನ್ನು ಕರೆಸುವುದೇ ಸಾಹಸ. "ನಾನು ಗಟ್ಟಿಯಾಗೇ ಇದ್ದೀನಲ್ಲ ಮೇಡಂ" ಅನ್ನುತ್ತಾರೆ. ಕ್ಯಾರಿಯರ್ ಗಟ್ಟಿಯಾಗೇ ಇರುತ್ತಾನಪ್ಪಾ, ಅದಕ್ಕೇ ಕರೆದದ್ದು. ಇಬ್ಬರೂ ಕ್ಯಾರಿಯರ್ ಅಂತ ತಿಳಿದಿದ್ದರೆ, ಬಸಿರು ನಿಂತ ಕೂಡಲೇ ಬನ್ನಿ. ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆಗೆ ಸಿವಿಎಸ್ ಅಂತ ಒಂದಿದೆ, ಮಾಸಿನಿಂದ ಚೂರು ತೆಗೆದು ನೋಡುವುದು. ಸುಮಾರು 10ರಿಂದ 13 ವಾರದ ಒಳಗೆ ಮಾಡುತ್ತೇವೆ. ಅದು ತಪ್ಪಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರಿನ ಪರೀಕ್ಷೆ. ಎರಡರಲ್ಲೂ ಗರ್ಭ ಹೋಗುವ ಸಣ್ಣ ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಅನ್ನುವುದು ಅಪ್ಪ-ಅಮ್ಮನಿಗೆ ಬಿಟ್ಟದ್ದು. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. ಹೇಳುವುದು ಕಾನೂನಿಗೆ ವಿರುದ್ಧ, ನಾನಂತೂ ಹೇಳುವುದಿಲ್ಲ.

ಆ ಮಳೆಗಾಲದ ಸೊಸೆಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದಾಗ ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಹೊಟ್ಟೆಯೊಳಗಿನ ಕಾಲದ ಹಿಮೋಗ್ಲೋಬಿನ್ ಇನ್ನೂ ಕೆಲವು ತಿಂಗಳು ಮಗುವನ್ನು ಕಾಪಾಡುತ್ತಿರುತ್ತದೆ. ಹಾಗಾಗಿ ಡಿಎನ್‌ಎ ಪರೀಕ್ಷೆಗೆ ಕಳಿಸಿದೆವು. ರಿಪೋರ್ಟ್ ಬರುವ ತನಕ ಆ ತಾಯಿ ಪ್ರತಿ ಬುಧವಾರ ನನ್ನ ಕಣ್ಣು ತಪ್ಪಿಸುತ್ತಿದ್ದಳು. ರಿಪೋರ್ಟ್ ಬಂತು. ಮಗು ಕ್ಯಾರಿಯರ್ ಅಷ್ಟೇ, ಕಾಯಿಲೆ ಇಲ್ಲ. ಹೇಳಿದಾಗ ಅವಳು ಗೋಡೆಗೆ ಒರಗಿ ಅತ್ತಳು. ನನಗೂ ಕಣ್ಣು ತುಂಬಿತು.

ಅಜ್ಜಿ ಮಾತ್ರ ಅಳಲಿಲ್ಲ. ಸಂಚಿಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ನಾನು ಹೇಳಿರಲಿಲ್ವಾ ಡಾಕ್ಟ್ರಮ್ಮ? ಇನ್ನೂ ಎರಡು ಬಾಕಿ ಅವೆ."

ಡ್ರಾಯರ್ ಎಳೆದೆ. "ಅಜ್ಜಿ, ಇಲ್ಲಿ ಬನ್ನಿ, ಕೂತ್ಕೊಳ್ಳಿ" ಅಂದು ಎರಡು ನಾಣ್ಯಗಳನ್ನೂ ಅವರ ಕೈಗೆ ಕೊಟ್ಟೆ.