ಅಲಾರಾಂ ಕೂಗಲಿಲ್ಲ ಅಂದರೆ ಎಲ್ಲ ಸರಿಯಿದೆಯೇ?

ಫೆಬ್ರುವರಿ ಅರ್ಧ ಕಳೆಯಿತು ಅಂದರೆ ಕೊಡಗಿನ ರೋಬಸ್ಟಾ ಕಾಫಿ ತೋಟಗಳಲ್ಲಿ ಮೋಟಾರುಗಳಿಗೆ ಬಿಡುವಿಲ್ಲ. ಹೂಮಳೆ ತಾನಾಗಿ ಬಂದರೆ ಸರಿ. ಬಾರದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಒಂದು ಇಂಚಿನಷ್ಟು ನೀರು ಬಿದ್ದರೆ ಮೊಗ್ಗು ಚೆನ್ನಾಗಿ ಅರಳುತ್ತದೆ. ಅರ್ಧ ನೀರು ಕೊಟ್ಟು ನಿಲ್ಲಿಸಿದರೆ ಮೊಗ್ಗೇ ಕೆಡುತ್ತದೆ. ಹೀಗಾಗಿ ಆ ಕೆಲವು ವಾರ ಇಡೀ ವರ್ಷದ ಫಸಲು ಕೆರೆ ದಡದ ಪಂಪ್‌ಶೆಡ್ಡಿನ ಒಂದು ಮೋಟಾರನ್ನು ನಂಬಿ ನಿಂತಿರುತ್ತದೆ. ಆ ಮೋಟಾರನ್ನು ಕಾಯುವುದು ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಒಂದೆರಡು ಸಣ್ಣ ಸಾಧನಗಳು. ಅವು ಹೇಗೆ ಕಾಯುತ್ತವೆ, ಯಾವಾಗ ಸೋಲುತ್ತವೆ ಅನ್ನುವುದು ತೋಟ ಇರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಮೊದಲು ತೊಂದರೆಯನ್ನೇ ನೋಡೋಣ. ತ್ರೀ ಫೇಸ್ ಮೋಟಾರು, ಅಂದರೆ ಮೂರು ತಂತಿಗಳಿಂದ ಕರೆಂಟು ಪಡೆಯುವ ಮೋಟಾರು ಓಡುತ್ತಿರುವಾಗ ದಾರಿಯಲ್ಲಿ ಎಲ್ಲೋ ಒಂದು ಫ್ಯೂಸ್ ಹೋಯಿತು ಅಂತಿಟ್ಟುಕೊಳ್ಳಿ. ಒಂದು ಫೇಸ್ ಇಲ್ಲ. ಆದರೂ ಮೋಟಾರು ನಿಲ್ಲುವುದಿಲ್ಲ. ಉಳಿದ ಎರಡು ಫೇಸಿನಲ್ಲೇ ಅದೇ ಭಾರವನ್ನು ಎಳೆಯುತ್ತದೆ. ಆಗ ಆ ಎರಡು ತಂತಿಗಳಲ್ಲಿ ಹರಿಯುವ ಕರೆಂಟು ಸುಮಾರು 1.73 ಪಟ್ಟು ಆಗುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಿಸಿ ಮೂರು ಪಟ್ಟು. ವೈಂಡಿಂಗಿನ ಮೇಲಿರುವ ನಿರೋಧಕ ಹೊದಿಕೆಗೆ ಇಷ್ಟು ಬಿಸಿ ತಡೆಯುವುದಿಲ್ಲ. ಸಾಮಾನ್ಯ ಲೆಕ್ಕದಲ್ಲಿ, ಸಹಿಸಬಲ್ಲ ಮಿತಿಗಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾದರೆ ಅದರ ಆಯಸ್ಸು ಅರ್ಧ ಆಗುತ್ತದೆ. ಹೊರಗಿನಿಂದ ನೋಡುವವರಿಗೆ ಮೋಟಾರು ಓಡುತ್ತಲೇ ಇದೆ, ನೀರೂ ಬರುತ್ತಿದೆ. ಸುಟ್ಟ ವಾಸನೆ ಬರುವ ಹೊತ್ತಿಗೆ ಕಾಯಿಲ್ ಹೋಗಿರುತ್ತದೆ.

ಇದನ್ನು ಹಿಡಿಯಲು ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ ಇವೆ. ಹಳೆಯ ಬಗೆಯ ರಿಲೇಯಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಕರೆಂಟು ಜಾಸ್ತಿಯಾಗಿ ಬಿಸಿಯಾದಾಗ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಸರ್ಕ್ಯೂಟ್ ಕಡಿಯುತ್ತದೆ. ಪ್ರಿವೆಂಟರ್ ಮೂರು ಫೇಸುಗಳನ್ನು ಹೋಲಿಸಿ ನೋಡುತ್ತದೆ, ಒಂದು ಇಲ್ಲದಿದ್ದರೆ ಮೋಟಾರು ನಿಲ್ಲಿಸುತ್ತದೆ. ಕೊಳ್ಳುವಾಗ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಓಡುತ್ತಿರುವ ಮೋಟಾರು ಕಳೆದುಹೋದ ಫೇಸಿನ ತಂತಿಯಲ್ಲೂ ತಾನೇ ಒಂದಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಬರೀ ವೋಲ್ಟೇಜ್ ನೋಡುವ ಪ್ರಿವೆಂಟರ್ ಇದರಿಂದ ಮೋಸಹೋಗಬಹುದು. ಕರೆಂಟನ್ನು ಅಳೆಯುವ ಪ್ರಿವೆಂಟರ್ ಮೋಸಹೋಗುವುದಿಲ್ಲ, ಏಕೆಂದರೆ ಫೇಸ್ ಹೋದ ತಂತಿಯಲ್ಲಿ ಕರೆಂಟ್ ಸೊನ್ನೆ.

ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಮನೆಯಲ್ಲಿ ಕೂತೇ ಮೋಟಾರು ಹಾಕಬಹುದು. ಫೇಸ್ ಹೋದರೆ, ಕೆರೆಯಲ್ಲಿ ನೀರು ಇಳಿದು ಪಂಪು ಒಣಗಿ ಓಡಿದರೆ, ಅದು ಮೋಟಾರು ನಿಲ್ಲಿಸಿ ಫೋನಿಗೆ ತಿಳಿಸುತ್ತದೆ. ಕಾಡಾನೆ ಓಡಾಡುವ ಸಿದ್ದಾಪುರದ ಕಡೆ ರಾತ್ರಿ ಟಾರ್ಚ್ ಹಿಡಿದು ಪಂಪ್‌ಶೆಡ್ಡಿಗೆ ಹೋಗಬೇಕಿಲ್ಲ ಅನ್ನುವುದೇ ದೊಡ್ಡ ನೆಮ್ಮದಿ. ಆದರೆ ರಾತ್ರಿಯಿಡೀ ಫೋನು ಬರಲಿಲ್ಲ ಅಂದರೆ ಅದರ ಅರ್ಥವೇನು? ಎಲ್ಲ ಚೆನ್ನಾಗಿದೆ ಅಂತಲೂ ಇರಬಹುದು. ಸ್ಟಾರ್ಟರಿನ ಸಿಮ್ಮಿನ ವ್ಯಾಲಿಡಿಟಿ ಮುಗಿದಿದೆ ಅಂತಲೂ ಇರಬಹುದು. ಟವರಿಗೆ ಕರೆಂಟಿಲ್ಲ ಅಂತಲೂ ಇರಬಹುದು.

ಯಂತ್ರಗಳನ್ನು ಕಾಯುವ ವಿದ್ಯೆಯ ಅತಿ ಕಷ್ಟದ ಪ್ರಶ್ನೆ ಇದೇ. ಕೆಟ್ಟಿರುವುದನ್ನು ಪತ್ತೆ ಮಾಡುವುದು ಒಂದು ಕೆಲಸ. ಪತ್ತೆ ಮಾಡುವ ಸಾಧನವೇ ಕೆಟ್ಟಿದೆ ಅನ್ನುವುದನ್ನು ಪತ್ತೆ ಮಾಡುವುದು ಇನ್ನೊಂದು ಕೆಲಸ. ಎರಡನೆಯದನ್ನು ಮರೆತರೆ ಮೊದಲನೆಯದಕ್ಕೆ ಸುರಿದ ಹಣವೆಲ್ಲ ವ್ಯರ್ಥ.

ಕಣದಲ್ಲಿ ಕಾಫಿ ಹರಡಿದ ದಿನಗಳಲ್ಲಿ ರಾತ್ರಿ ಕಾವಲಿನವರು ಗಂಟೆಗೊಮ್ಮೆ ಕಬ್ಬಿಣದ ತುಂಡಿಗೆ ಬಡಿಯುವುದನ್ನು ನೆನೆಸಿಕೊಳ್ಳಿ. ಆ ಸದ್ದು ಅಪಾಯದ ಸೂಚನೆಯಲ್ಲ. ನಾನು ಎಚ್ಚರವಾಗಿದ್ದೇನೆ ಅನ್ನುವ ಸೂಚನೆ. ಸದ್ದು ಬರಬೇಕಾದ ಹೊತ್ತಿಗೆ ಬರದಿದ್ದರೆ ಮನೆಯವರು ಎದ್ದು ನೋಡುತ್ತಾರೆ. ಒಳ್ಳೆಯ ನಿಗಾ ವ್ಯವಸ್ಥೆಗಳು ಮಾಡುವುದೂ ಇದನ್ನೇ. ಇಷ್ಟು ನಿಮಿಷಕ್ಕೊಮ್ಮೆ ಸುದ್ದಿ ಬರಲೇಬೇಕು. ಬರದಿದ್ದರೆ ಅದನ್ನೇ ಅಲಾರಾಂ ಅಂತ ಎಣಿಸಬೇಕು.

ಇದು ಹಳೆಯ ವಿಚಾರ. ಕೊಡಗಿಗೆ ಇನ್ನೂ ರೈಲು ಬಂದಿಲ್ಲ, ಆದರೆ ರೈಲಿನವರು ಇದನ್ನು ನೂರೈವತ್ತು ವರ್ಷಗಳ ಹಿಂದೆಯೇ ಕಂಡುಕೊಂಡರು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಹಳಿಗಳಲ್ಲಿ ಸದಾ ಸಣ್ಣ ಕರೆಂಟ್ ಹರಿಯುವ ಸರ್ಕ್ಯೂಟಿಗೆ ಪೇಟೆಂಟ್ ಪಡೆದರು. ಹಳಿಯ ಇನ್ನೊಂದು ತುದಿಗೆ ಕರೆಂಟ್ ಮುಟ್ಟುತ್ತಿದ್ದರೆ ಮಾತ್ರ ಸಿಗ್ನಲ್ ಹಸಿರು. ರೈಲು ಬಂದು ಗಾಲಿಗಳು ಎರಡು ಹಳಿಗಳನ್ನು ಜೋಡಿಸಿದರೆ ಕರೆಂಟ್ ಅತ್ತ ಹೋಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ ಕೆಂಪು. ಬ್ಯಾಟರಿ ಸತ್ತರೂ ಕೆಂಪು. ಸಾಧನ ಕೆಟ್ಟರೆ ಅದು ಸುರಕ್ಷಿತ ಕಡೆಗೇ ಬೀಳುತ್ತದೆ.

ಕಾರ್ಖಾನೆಗಳಲ್ಲಿ, ನೀರು ಸರಬರಾಜು ಘಟಕಗಳಲ್ಲಿ ಸೆನ್ಸರ್‌ಗಳು 4ರಿಂದ 20 ಮಿಲಿಆಂಪಿಯರ್ ಕರೆಂಟಿನ ಮೂಲಕ ಮಾತಾಡುತ್ತವೆ. ಟ್ಯಾಂಕು ಪೂರ್ತಿ ತುಂಬಿದ್ದರೆ 20, ಖಾಲಿ ಇದ್ದರೆ 4. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ತಂತಿಯನ್ನು ಇಲಿ ಕಡಿದರೆ ಬರುವುದು ಸೊನ್ನೆ. ಖಾಲಿ ಟ್ಯಾಂಕೂ ಸೊನ್ನೆ ಅಂತಲೇ ಹೇಳಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಈ ನಾಲ್ಕು ಮಿಲಿಆಂಪಿಯರ್ ಇಡೀ ಎಂಜಿನಿಯರಿಂಗಿನ ಅತಿ ಜಾಣ ಉಪಾಯಗಳಲ್ಲಿ ಒಂದು ಅಂತ ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಗೆ ಇದು ಪಂಪ್‌ಶೆಡ್ಡಿಗಿಂತ ಜಾಸ್ತಿ ತಟ್ಟುವುದು ಮಳೆಮಾಪಕದ ವಿಷಯದಲ್ಲಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಕಡೆ ಗುಡ್ಡ ಜರಿಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಎಲ್ಲಿ ಎಷ್ಟು ಮಳೆ ಬೀಳುತ್ತಿದೆ ಅನ್ನುವುದು ಇಲ್ಲಿ ಜೀವದ ಪ್ರಶ್ನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸಾವಿರಾರು ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಇಂಥ ಮಾಪಕಗಳ ಒಳಗೆ ಹೆಚ್ಚಾಗಿ ಇರುವುದು ಏತದಂತೆ ಅತ್ತಿತ್ತ ವಾಲುವ ಎರಡು ಸಣ್ಣ ಬಟ್ಟಲು. ಮೇಲಿನ ಆಲಿಕೆಯಿಂದ ನೀರು ಒಂದು ಬಟ್ಟಲಿಗೆ ಇಳಿಯುತ್ತದೆ. ಅದು ತುಂಬಿದಾಗ ಮಗುಚಿ ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ಪ್ರತಿ ಮಗುಚಿಗೂ ಒಂದು ಅಯಸ್ಕಾಂತ ಸ್ವಿಚ್ಚಿನ ಮುಂದೆ ಹಾದು ಹೋಗಿ ಒಂದು ಎಣಿಕೆ ಆಗುತ್ತದೆ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲ ಇದ್ದು, ಒಂದು ಎಣಿಕೆ ಅಂದರೆ 0.5 ಮಿಲಿಮೀಟರ್ ಮಳೆ ಅಂತಾದರೆ, ಪ್ರತಿ ಮಗುಚಿಗೆ ಸುಮಾರು 16 ಮಿಲಿಲೀಟರ್ ನೀರು ಬೇಕು.

ಈ ಆಲಿಕೆಯ ತೂತಿಗೆ ಒಂದು ಸಿಲ್ವರ್ ಓಕ್ ಎಲೆ ಬಿದ್ದು ಮುಚ್ಚಿಕೊಂಡಿತು ಅನ್ನಿ. ಇಲ್ಲವೇ ಜೇಡ ಗೂಡು ಕಟ್ಟಿತು. ಹೊರಗೆ ಜಡಿಮಳೆ, ಒಳಗೆ ಬಟ್ಟಲು ಅಲ್ಲಾಡುವುದಿಲ್ಲ. ಮಾಪಕ ಹದಿನೈದು ನಿಮಿಷಕ್ಕೊಮ್ಮೆ ತಪ್ಪದೆ ಸುದ್ದಿ ಕಳಿಸುತ್ತದೆ: ಮಳೆ ಸೊನ್ನೆ. ಸಾಧನ ಬದುಕಿದೆ, ಮಾತಾಡುತ್ತಿದೆ, ಆದರೆ ಹೇಳುತ್ತಿರುವುದು ಸುಳ್ಳು. ತೂತು ಅರ್ಧ ಮಾತ್ರ ಮುಚ್ಚಿದ್ದರೆ ಇನ್ನೂ ಕಷ್ಟ. ಆಲಿಕೆಯಲ್ಲಿ ನಿಂತ ನೀರು ಮಳೆ ಬಿಟ್ಟ ಮೇಲೂ ತೊಟ್ಟಿಕ್ಕುತ್ತಾ ಇರುತ್ತದೆ. ಜೋರು ಮಳೆ ಲೆಕ್ಕದಲ್ಲಿ ತುಂತುರು ಮಳೆಯಾಗಿ ಕಾಣುತ್ತದೆ. ಗುಡ್ಡ ಜರಿಯಲು ಮಳೆಯ ಬಿರುಸು ಮುಖ್ಯವಾದ್ದರಿಂದ ಇದು ಸಣ್ಣ ತಪ್ಪಲ್ಲ. ಏನೂ ಕೆಡದಿದ್ದರೂ ಸಹ ಬಹಳ ಬಿರುಸಿನ ಮಳೆಯಲ್ಲಿ ಇಂಥ ಮಾಪಕ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಬಟ್ಟಲು ಮಗುಚುವ ಆ ಕ್ಷಣದಲ್ಲಿ ಸುರಿದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಸೌರಫಲಕದಿಂದ ನಡೆಯುವ ಮಾಪಕವಾದರೆ ಇನ್ನೊಂದು ಚಿಂತೆ: ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರುಗಳಲ್ಲಿ ಬ್ಯಾಟರಿ ಕೂಡ ಸೋಲುತ್ತದೆ. ಮಳೆ ಜಾಸ್ತಿ ಇದ್ದಾಗಲೇ, ಅಂದರೆ ಮಾಪಕ ಹೆಚ್ಚು ಬೇಕಾದಾಗಲೇ.

ಸುಳ್ಳನ್ನು ಹಿಡಿಯುವುದು ಹೇಗೆ? ಅಕ್ಕಪಕ್ಕದ ಮಾಪಕಗಳನ್ನು ಕೇಳಬೇಕು. ಸುತ್ತ ನಾಲ್ಕು ಕಡೆ ಸುರಿಯುತ್ತಿದ್ದು ನಡುವಿನ ಒಂದು ಕಡೆ ಸೊನ್ನೆ ಅಂದರೆ ಅನುಮಾನ ಪಡಬೇಕು. ಬಯಲುಸೀಮೆಯಲ್ಲಿ ಇಷ್ಟು ಸಾಕಾಗಬಹುದು, ಕೊಡಗಿನಲ್ಲಿ ಸಾಲದು. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ಇಲ್ಲಿ ಪಕ್ಕದ ಊರಿನ ಮಳೆ ಬೇರೆ ಇರುವುದೇ ಸಹಜ. ಅದಕ್ಕೇ ಒಂದು ಮಾಪಕವನ್ನು ಅದರದೇ ಹಳೆಯ ಲೆಕ್ಕದ ಜೊತೆ ಹೋಲಿಸಬೇಕು: ಪಕ್ಕದ ಊರಿಗೆ ಇಷ್ಟು ಬಿದ್ದಾಗ ಇಲ್ಲಿ ಸಾಮಾನ್ಯವಾಗಿ ಎಷ್ಟು ಬೀಳುತ್ತಿತ್ತು? ನಮ್ಮ ತೋಟಗಳಲ್ಲಿ ತಲೆಮಾರುಗಳಿಂದ ಇಂಚು-ಸೆಂಟಿನ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ. ಕಂಪ್ಯೂಟರಿಗೆ ಈ ಹೋಲಿಕೆ ಕಲಿಸಲು ಅವುಗಳಿಗಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ. ಅವು ಕಪಾಟುಗಳಲ್ಲಿ ಗೆದ್ದಲು ಹಿಡಿಯಬಾರದು. ಮಾಪಕವನ್ನು ನೇರವಾಗಿ ಪರೀಕ್ಷಿಸುವುದೂ ಸುಲಭ. ಮೇಲೆ ಹೇಳಿದ ಅಳತೆಯ ಮಾಪಕಕ್ಕೆ ಒಂದು ಲೀಟರ್ ನೀರನ್ನು ನಿಧಾನವಾಗಿ ಹೊಯ್ದರೆ ಸುಮಾರು 64 ಎಣಿಕೆ ಬರಬೇಕು. ಮೇ ತಿಂಗಳಲ್ಲೇ ಇದನ್ನು ಮಾಡಿ ಮುಗಿಸಬೇಕು.

ಸುಮ್ಮನಿರುವ ಅಲಾರಾಂ ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಅನ್ನುವುದಕ್ಕೆ 2003ರ ಆಗಸ್ಟ್ 14 ಸಾಕ್ಷಿ. ಅಮೆರಿಕದ ಒಹಾಯೋ ರಾಜ್ಯದ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ 2.14ಕ್ಕೆ ಅಲಾರಾಂ ತಂತ್ರಾಂಶ ನಿಂತುಹೋಯಿತು. ನಿಂತದ್ದನ್ನು ಯಾವ ಅಲಾರಾಂ ಕೂಡ ಹೇಳಲಿಲ್ಲ. ಪರದೆ ಶಾಂತವಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಕತ್ತರಿಸದೆ ಬಿಟ್ಟಿದ್ದ ಮರಗಳಿಗೆ ಹೈಟೆನ್ಷನ್ ಲೈನುಗಳು ತಾಗಿ ಒಂದೊಂದಾಗಿ ಟ್ರಿಪ್ ಆದವು, ಅಂದರೆ ತಾವಾಗಿ ಆಫ್ ಆದವು. ಬೇರೆ ಕಡೆಯವರು ಫೋನ್ ಮಾಡಿ ಏನೋ ಸರಿಯಿಲ್ಲ ಅಂದರೂ ಕೊಠಡಿಯಲ್ಲಿದ್ದವರು ತಮ್ಮ ಪರದೆಯನ್ನೇ ನಂಬಿದರು. ಸಂಜೆ ನಾಲ್ಕು ದಾಟುವಷ್ಟರಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟಿರಲಿಲ್ಲ. ಮರ ಮತ್ತು ಲೈನಿನ ಜಗಳ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಲ್ವಾ? ಆ ದಿನ ಸಣ್ಣ ತೊಂದರೆಯನ್ನು ದೊಡ್ಡದು ಮಾಡಿದ್ದು ಸತ್ತು ಬಿದ್ದಿದ್ದ ಅಲಾರಾಂ.

ಇದಕ್ಕೆ ತಿರುಗಾಮುರುಗಾ ತೊಂದರೆಯೂ ಇದೆ: ಅಲಾರಾಂ ಅತಿಯಾಗಿ ಕೂಗುವುದು. 1994ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗುವ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಾಂ ಬಂದವು. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಮುಂದೆ ಬಂದ ಮಾರ್ಗಸೂಚಿಗಳು ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಅಲಾರಾಂ ಬರಬಾರದು ಅನ್ನುತ್ತವೆ. ಪಂಪ್‌ಶೆಡ್ಡಿನಲ್ಲಿ ನಡೆಯುವುದೂ ಅದೇ. ವೋಲ್ಟೇಜ್ ಏರಿಳಿತಕ್ಕೆ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗುತ್ತದೆ. ಹೂವಿನ ನೀರು ಅರ್ಧಕ್ಕೆ ನಿಂತಿರುತ್ತದೆ. “ಅಣ್ಣ, ಅದನ್ನ ಬೈಪಾಸ್ ಮಾಡಿಬಿಡೋಣ” ಅಂತ ಮೆಕ್ಯಾನಿಕ್ ಒಂದು ತುಂಡು ವೈರ್ ಹಾಕುತ್ತಾನೆ. ಮೋಟಾರು ಓಡುತ್ತದೆ. ಆ ವೈರ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ಫೇಸ್ ಹೋಗುವ ದಿನದವರೆಗೆ. ಬೈಪಾಸ್ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಎಷ್ಟು ಏರಿಳಿತಕ್ಕೆ ಟ್ರಿಪ್ ಆಗಬೇಕು, ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದನ್ನು ಆ ಊರಿನ ಲೈನಿಗೆ ತಕ್ಕಂತೆ ಹೊಂದಿಸಿಕೊಡುವವರು ಬೇಕು.

ಎಚ್ಚರಿಸುವುದು ಬೇರೆ, ನಿಲ್ಲಿಸುವುದು ಬೇರೆ ಅನ್ನುವುದನ್ನು 1921ರಲ್ಲೇ ಜರ್ಮನಿಯ ಮ್ಯಾಕ್ಸ್ ಬುಕೋಲ್ಟ್ಸ್ ಚೆನ್ನಾಗಿ ತೋರಿಸಿದರು. ಸಬ್‌ಸ್ಟೇಷನ್ನಿನ ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಅವರ ಹೆಸರಿನ ರಿಲೇ ಇಂದಿಗೂ ಇದೆ. ಒಳಗೆ ಸಣ್ಣ ದೋಷವಾದರೆ ಎಣ್ಣೆ ನಿಧಾನವಾಗಿ ಗುಳ್ಳೆ ಬಿಡುತ್ತದೆ, ಆ ಅನಿಲ ರಿಲೇಯಲ್ಲಿ ಕೂಡುತ್ತದೆ, ತೇಲುಬುರುಡೆ ಇಳಿದು ಗಂಟೆ ಬಾರಿಸುತ್ತದೆ. ದೊಡ್ಡ ದೋಷವಾದರೆ ಎಣ್ಣೆ ಒಮ್ಮೆಲೇ ನುಗ್ಗುತ್ತದೆ, ಆಗ ನೇರ ಟ್ರಿಪ್.

ಇಷ್ಟೆಲ್ಲ ಇದ್ದರೂ ರಿಲೇಗಳ ಕಣ್ಣಿಗೆ ಸುಲಭವಾಗಿ ಬೀಳದ ಒಂದು ದೋಷ ನಮ್ಮ ತೋಟಗಳಲ್ಲೇ ಇದೆ. 11 ಕೆವಿ (11 ಸಾವಿರ ವೋಲ್ಟ್) ಲೈನಿನ ತಂತಿ ಕಡಿದು ಒಣ ತರಗೆಲೆಯ ಮೇಲೆ ಬಿತ್ತು ಅನ್ನಿ. ತರಗು ಕರೆಂಟನ್ನು ಸರಿಯಾಗಿ ಹರಿಯಲು ಬಿಡುವುದಿಲ್ಲ. ನೆಲಕ್ಕೆ ಹೋಗುವ ಕರೆಂಟು ಕೆಲವೇ ಆಂಪಿಯರ್ ಇರಬಹುದು, ಒಂದಕ್ಕಿಂತ ಕಡಿಮೆಯೂ ಇರಬಹುದು. ಸಬ್‌ಸ್ಟೇಷನ್ನಿನ ರಿಲೇಗೆ ಅದು ಯಾರದೋ ಮನೆಯ ಮಿಕ್ಸಿ ಓಡಿದ ಹಾಗೆ. ಲೈನು ಟ್ರಿಪ್ ಆಗುವುದಿಲ್ಲ. ತಂತಿ ಪೂರ್ತಿ ಜೀವಂತವಾಗಿ ಕಾಫಿ ಗಿಡದ ಬುಡದಲ್ಲಿ ಬಿದ್ದಿರುತ್ತದೆ. ಮನುಷ್ಯರನ್ನೂ ದನಕರುಗಳನ್ನೂ ಆನೆಗಳನ್ನೂ ಕೊಲ್ಲಲು ಅಷ್ಟು ಕರೆಂಟ್ ಧಾರಾಳ ಸಾಕು. ಕಿಡಿ ಹಾರುವಾಗ ಕರೆಂಟಿನ ಅಲೆ ಅಂಕುಡೊಂಕಾಗುತ್ತದೆ. ಆ ಗುರುತನ್ನು ಹಿಡಿಯಬಲ್ಲ ಡಿಜಿಟಲ್ ರಿಲೇಗಳು ಬಂದಿವೆ, ಆದರೆ ಅವೂ ಪ್ರತಿ ಸಲ ಹಿಡಿಯುತ್ತವೆ ಅನ್ನುವ ಖಾತರಿಯಿಲ್ಲ. ಹಾಗಾಗಿ ತೋಟದಲ್ಲಿ ಬಿದ್ದ ತಂತಿ ಕಂಡರೆ, ಮನೆಯಲ್ಲಿ ದೀಪ ಉರಿಯುತ್ತಿರಲಿ ಆರಿರಲಿ, ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಿ, ಅರ್ಥ್ ಮಾಡುವವರೆಗೂ (ತಂತಿಯನ್ನು ನೆಲಕ್ಕೆ ಜೋಡಿಸುವವರೆಗೂ) ಅದರಲ್ಲಿ ಕರೆಂಟ್ ಇದೆ ಅಂತಲೇ ಲೆಕ್ಕ.