ಪಿನ್ನಿಂದ ಪಿನ್ನಿಗೆ ಅಳೆದರೆ ದೂರ ಸಿಗುವುದಿಲ್ಲ

“ಸಾರ್, ಮ್ಯಾಪಲ್ಲಿ ಎರಡು ಕಿಲೋಮೀಟರ್ ತೋರಿಸ್ತೈತೆ, ಅಷ್ಟು ಬರ್ಕೊಟ್ಬಿಡಿ.”

ಕೋಲಾರದ ನಮ್ಮ ಕಚೇರಿಗೆ ಕಲ್ಲು ಕ್ವಾರಿಯ ಲೀಸಿನ ಕಡತ ಹಿಡಿದು ಬರುವವರು ಮೊದಲು ಆಡುವ ಮಾತೇ ಇದು. ಲೀಸಿನ ಜಮೀನಿಂದ ಕಾಡುಪ್ರಾಣಿಯ ನೆಲೆಗೆ ಎಷ್ಟು ದೂರ ಎಂದು ನಕ್ಷೆ ಎಳೆದು ಬರೆದುಕೊಡುವುದು ನನ್ನ ಕೆಲಸ. ಫೋನಿನಲ್ಲಿ ಒಂದು ಪಿನ್ ಲೀಸಿನ ನಟ್ಟನಡುವೆ, ಇನ್ನೊಂದು ಊರ ಹೆಸರಿನ ಮೇಲೆ. ಲಾರಿ ಸಾಲದ ಕಂತು ಕಟ್ಟುವವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಆ ಅಂಕಿಗೆ ಸಹಿ ಹಾಕಲಾರೆ.

ಎಷ್ಟು ಸಲ ಹೇಳಿದರೂ ಉಳಿಯದ ವಿಷಯ ಇದೊಂದೇ, ಬಿಡಿಸಿ ಹೇಳುತ್ತೇನೆ. ಲೀಸು ಚುಕ್ಕೆಯಲ್ಲ, ಜಮೀನು. ಹತ್ತು ಎಕರೆ ಚೌಕವಾಗಿದ್ದರೆ ಒಂದೊಂದು ಬದಿ ಸುಮಾರು 200 ಮೀಟರ್. ನಡುವಿನ ಪಿನ್ನಿಂದ ಅಂಚಿಗೆ ಬರುವಷ್ಟರಲ್ಲೇ 100 ಮೀಟರ್ ಹೋಯಿತು. ಅಂಚಿನಾಚೆ ಕ್ರಷರ್, ಪುಡಿ ಸುರಿಯುವ ಜಾಗ, ಲಾರಿ ಓಡಾಡುವ ಮಣ್ಣುರಸ್ತೆ ಇವೆ; ಅವನ್ನೂ ನಕ್ಷೆಯಲ್ಲಿ ಎಳೆಯಬೇಕು. ಇನ್ನು ಆ ಕಡೆಯ ಪಿನ್: ಊರ ಹೆಸರು ಬರೆದ ಜಾಗದಲ್ಲಿ ಪ್ರಾಣಿ ಇರುವುದಿಲ್ಲ. ಅದು ಮಲಗುವ ಬಂಡೆ, ಮೇಯುವ ಬಯಲು, ಹೋಗಿಬರುವ ದಾರಿ, ಮೂರೂ ಸೇರಿ ಅದರ ನೆಲೆ. ದೂರ ಅಳೆಯುವುದು ಈ ಅಂಚಿನಿಂದ ಆ ಅಂಚಿಗೆ.

ನಮ್ಮ ಜಿಲ್ಲೆಯ ಹನುಮನಹಳ್ಳಿಯನ್ನೇ ನೋಡಿ. 1994ರಲ್ಲಿ ವಿಜ್ಞಾನಿಗಳು ವಿವರಿಸಿದ ಕೋಲಾರದ ಎಲೆಮೂಗಿನ ಬಾವಲಿ ಲೋಕದಲ್ಲೆಲ್ಲ ಉಳಿದಿರುವುದು ಅಲ್ಲಿನ ಗುಹೆಯಲ್ಲಿ ಮಾತ್ರ. ಇರುವುದು ಇನ್ನೂರರೊಳಗೆ ಎಂಬ ಅಂದಾಜು. ಗ್ರಾನೈಟ್ ಕ್ವಾರಿಯೇ ಅದಕ್ಕೆ ದೊಡ್ಡ ಕಂಟಕ. ಹಗಲು ಗುಹೆಯಲ್ಲಿ ತೂಗಾಡುವ ಜೀವ ರಾತ್ರಿ ಹುಳುಹುಪ್ಪಟೆ ಹಿಡಿಯಲು ಹೊರಗೆ ಹಾರಲೇಬೇಕು. ಗುಹೆಯ ಬಾಯಿಗೆ ಒಂದು ವೃತ್ತ ಎಳೆದು ಕೈತೊಳೆದುಕೊಂಡರೆ ಅದರ ಅರ್ಧ ಬದುಕು ನಕ್ಷೆಯಿಂದ ಹೊರಗುಳಿಯುತ್ತದೆ. ಸಿಡಿಮದ್ದಿನ ಕಂಪನ ವೃತ್ತ ನೋಡಿಕೊಂಡು ಹರಡುವುದಿಲ್ಲ. ಒಂದೇ ಬಂಡೆ ಆ ತುದಿಯಿಂದ ಈ ತುದಿಗೆ ಹಬ್ಬಿದೆಯೇ, ನಡುವೆ ಮಣ್ಣಿದೆಯೇ ಎಂದು ನೋಡಬೇಕು.

ಉಪಗ್ರಹ ಚಿತ್ರ ನೋಡಿದರೆ ಸಾಲದೇ ಎಂದು ಕೇಳುತ್ತಾರೆ. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್. ಕ್ವಾರಿ ವರ್ಷ ವರ್ಷ ಎಷ್ಟು ಅಗಲವಾಯಿತು, ಯಾವ ಗೋಮಾಳಕ್ಕೆ ನುಗ್ಗಿತು ಅನ್ನುವುದಕ್ಕೆ ಅದು ಚಿನ್ನದಂಥ ಸಾಕ್ಷಿ. ಬಂಡೆಯ ಸೀಳು ಅದರಲ್ಲಿ ಕಾಣುವುದಿಲ್ಲ.

ಹಿಂದೊಮ್ಮೆ ಬೇರೊಂದು ಗುಡ್ಡದಲ್ಲಿ, ಪಹಣಿಯಲ್ಲಿ ಬರೀ ಖರಾಬು ಎಂದಿದ್ದ ಜಾಗದಲ್ಲಿ ನಿಂತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲೂ ಅದು ನಾಲ್ಕು ಬೂದು ಚೌಕ, ಅಷ್ಟೇ. ಕುರಿ ಹೊಡೆದುಕೊಂಡು ಇಳಿಯುತ್ತಿದ್ದ ಅಜ್ಜಿ, “ವಸಿ ತಡ್ಕೋ ಮಗಾ, ಈಗ ಬತ್ತವೆ” ಎಂದಿತು. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಗೇಣಗಲದ ಸೀಳಿನಿಂದ ಒಂದು, ಮೂರು, ಆಮೇಲೆ ಎಣಿಕೆಗೆ ಸಿಗದಷ್ಟು ಬಾವಲಿಗಳು ನಮ್ಮ ತಲೆ ಸವರಿಕೊಂಡೇ ಕೆರೆಯ ಕಡೆ ಹಾರಿದವು. ಜಾತಿ ಗುರುತಿಸುವುದನ್ನು ಬಲ್ಲವರಿಗೆ ಬಿಟ್ಟು, ಸೀಳಿನಿಂದ ಕೆರೆಯಂಗಳದವರೆಗಿನ ದಾರಿಯನ್ನು ನಾನು ನಕ್ಷೆಗೆ ಸೇರಿಸಿದೆ. ಲೀಸಿಗೆ ಕೇಳಿದ್ದ ಜಮೀನಿನ ಒಂದು ಮೂಲೆ ಆ ದಾರಿಯೊಳಗೇ ಬಿತ್ತು.

ಇಲ್ಲಿ ಸಿಡಿಸಿದರೆ ಇಷ್ಟು ಬಾವಲಿ ಸಾಯುತ್ತವೆ ಎಂದು ನಕ್ಷೆ ಹೇಳುವುದಿಲ್ಲ, ನಾನೂ ಹೇಳಲಾರೆ. ಅದಕ್ಕೆ ಕಂಪನ ಅಳೆಯುವವರು ಬರಬೇಕು. ಅವರು ಯಂತ್ರ ಎಲ್ಲಿಡಬೇಕು ಅನ್ನುವುದನ್ನು ನಕ್ಷೆ ತೋರಿಸುತ್ತದೆ. ಹಾಗಾಗಿ ಬರುವಾಗ ಲೀಸಿನ ಎಲ್ಲ ಮೂಲೆಗಳ ಅಳತೆಯಿರುವ ಸರ್ವೆ ಸ್ಕೆಚ್ ತನ್ನಿ. ಒಂದು ಸಂಜೆ ಬಿಡುವು ಮಾಡಿಕೊಳ್ಳಿ, ಬಂಡೆಯ ಹತ್ತಿರ ಹೋಗಿಬರೋಣ.